ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು: ಹಳೆಯ ಬೈಕು ಆರಿಸುವವರಿಗೆ

ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಯೆಜ್ಡಿ ರೋಡ್‌ಕಿಂಗ್‌ಗಳನ್ನು ನಾನು ಒಂದೇ ವಾರದಲ್ಲಿ ನೋಡಿದ್ದೆ. ಒಂದು ಕಾರವಾರದ ಕೋಡಿಬಾಗದಲ್ಲಿ, ಸಮುದ್ರಕ್ಕೆ ಕೂಗಳತೆಯ ಮನೆಯ ಜಗಲಿಯ ಪಕ್ಕದಲ್ಲಿತ್ತು. ಇನ್ನೊಂದು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಊರೊಂದರಲ್ಲಿ, ಅಡಿಕೆ ಸುಲಿಯುವ ಚಪ್ಪರದ ಮೂಲೆಯಲ್ಲಿ. ಕಾರವಾರದ್ದು ಹೊಸ ಬಣ್ಣ ಬಳಿದುಕೊಂಡು ಮದುಮಗನಂತೆ ನಿಂತಿತ್ತು. ಹಿಂದಿನ ಮಡ್‌ಗಾರ್ಡಿನ ಒಳಮೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹಪ್ಪಳ ಮುರಿದಂತೆ ಸದ್ದಾಗಿ ಬೆರಳು ಆಚೆ ಬಂತು. ಶಿರಸಿಯದಕ್ಕೆ ಬಣ್ಣವೆಂಬುದೇ ಉಳಿದಿರಲಿಲ್ಲ. ವೈರುಗಳನ್ನು ಇಲಿ ತಿಂದಿತ್ತು, ಸೀಟಿನ ಹೊಟ್ಟೆಯಲ್ಲಿ ಮರಿ ಹಾಕಿತ್ತು, ಸೈಲೆನ್ಸರಿನ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಆದರೆ ಚಾಸಿಯನ್ನು ಸ್ಪ್ಯಾನರಿನಿಂದ ತಟ್ಟಿದರೆ ಎಲ್ಲಿ ತಟ್ಟಿದರೂ ಗಂಟೆಯ ನಾದ. ಇಬ್ಬರೂ ಹೇಳಿದ ಬೆಲೆ ಒಂದೇ. ನಾನು ಕೊಂಡದ್ದು ಕಾರವಾರದ್ದನ್ನು. ಆಗ ಇದ್ದ ಬುದ್ಧಿ ಅಷ್ಟು.

ಅದಕ್ಕೆ ಸುರಿದ ದುಡ್ಡಿನ ಪೂರ್ತಿ ಲೆಕ್ಕವನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಹೋದ ವರ್ಷ ಅಂಕೋಲೆಯಲ್ಲಿ ನೌಕರಿಗಿರುವ ತಂಗಿಯ ಮಗ ಫೋನು ಮಾಡಿ, “ಮಾವ, ನಾನೂ ಒಂದು ಹಳೆಯ ಬೈಕು ತೆಗೆದುಕೊಳ್ಳಬೇಕೆಂದಿದ್ದೇನೆ. ಯೆಜ್ಡಿಯೋ, ಬುಲೆಟ್ಟೋ, ಆರ್‌ಎಕ್ಸೋ?” ಎಂದ. “ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸುತ್ತೀಯ?” ಎಂದು ಕೇಳಿದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹವ್ಯಾಸಕ್ಕೆಂದು ಸಾಕಿದ ಬೈಕು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಮಳೆ ಬಿಟ್ಟ ತಿಂಗಳುಗಳಲ್ಲಿ ಉಪ್ಪುಗಾಳಿ. ಘಟ್ಟದ ಮೇಲೆ ಉಪ್ಪಿಲ್ಲ. ಅದರ ಬದಲು ತಂಡಿ, ಬೂಷ್ಟು, ಇಲಿ. ಜಾವಾ–ಯೆಜ್ಡಿ ಪ್ರಿಯರು ತಮ್ಮ ದಿನವೆಂದು ಆಚರಿಸುವುದು ಜುಲೈ ತಿಂಗಳ ಎರಡನೆಯ ಭಾನುವಾರವನ್ನು. ಬೆಂಗಳೂರು, ಮೈಸೂರಿನವರಿಗೆ ಅದು ಹಿತವಾದ ಹವೆ. ನಮ್ಮಲ್ಲಿ ಆ ಹೊತ್ತಿಗೆ ಶಾಲೆಗಳಿಗೇ ರಜೆ ಘೋಷಣೆಯಾಗಿರುತ್ತದೆ.

ಹೀಗಾಗಿ ನನ್ನ ಹೋಲಿಕೆ ಅಶ್ವಶಕ್ತಿಯಿಂದ ಶುರುವಾಗುವುದಿಲ್ಲ. ಬೈಕು ನಿಲ್ಲುವ ಜಾಗ, ಅದಕ್ಕೆ ಕೈ ಹಾಕುವ ಮೇಸ್ತ್ರಿ, ಅದು ಓಡಬೇಕಾದ ದಾರಿ, ಈ ಮೂರು ಗೊತ್ತಾದ ಮೇಲೆ ಟ್ಯಾಂಕಿನ ಮೇಲೆ ಯಾವ ಹೆಸರಿರಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಜಾವಾ ಮತ್ತು ಯೆಜ್ಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಪಕ್ಷಪಾತ ಇದರ ಕಡೆಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಚೆಕ್ ವಿನ್ಯಾಸದ ಜಾವಾ ಕಟ್ಟಲು ತೊಡಗಿ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿಗೆ ಬದಲಾಗಿ, 1978ರಲ್ಲಿ ರೋಡ್‌ಕಿಂಗ್ ತಂದು, 1996ರಲ್ಲಿ ಬಾಗಿಲು ಹಾಕಿತು. ಮಾದರಿ ಯಾವುದಾದರೂ 250 ಸಿಸಿ ಗಾಡಿಗಳ ತಿರುಳು ಒಂದೇ: ಎರಡು ಸ್ಟ್ರೋಕಿನ ಒಂಟಿ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಮೊದಲ ಸಲ ನೋಡುವ ಹುಡುಗರಿಗೆ ಇದನ್ನು ತೋರಿಸುವುದರಲ್ಲಿ ನನಗೆ ಈಗಲೂ ಸಣ್ಣ ಜಂಬವಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ ಎಂಜಿನ್ನುಗಳು. ಹೊಸ ಶೋರೂಮಿಗೆ ಹೋಗಿ ಹಳೆಯದರ ಪಿಸ್ಟನ್ ಕೇಳಬೇಡಿ.

ಮನೆಯಲ್ಲೇ ಬಿಚ್ಚಿ ಕಲಿಯುವವರಿಗೆ ಇದರಷ್ಟು ಒಳ್ಳೆಯ ಗುರು ಇಲ್ಲ. ವಾಲ್ವ್ ಇಲ್ಲ, ಅದನ್ನು ಎತ್ತುವ ಟ್ಯಾಪೆಟ್ ಇಲ್ಲ. ಹೆಡ್ಡು, ಸಿಲಿಂಡರು ಎತ್ತಿದರೆ ಪಿಸ್ಟನ್ ಕಣ್ಣೆದುರು. ಬೋರ್, ಅಂದರೆ ಸಿಲಿಂಡರಿನ ಒಳಮೈ, ಸವೆದಿದ್ದರೆ ಹುಬ್ಬಳ್ಳಿಯ ಲೇತಿನಲ್ಲಿ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಆಯಿತು. ಕಷ್ಟ ಇರುವುದು ಕ್ರ್ಯಾಂಕಿನಲ್ಲಿ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡದಲ್ಲಿ. ಅದು ಒತ್ತಿ ಕೂಡಿಸಿದ ಕ್ರ್ಯಾಂಕ್. ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂಡಿಸಿ, ಡಯಲ್ ಗೇಜಿನಲ್ಲಿ ಓರೆ ನೋಡಿ ಸರಿಪಡಿಸಬೇಕು. ಸುತ್ತಿಗೆಯ ಅಂದಾಜಿನಲ್ಲಿ ಈ ಕೆಲಸ ಮಾಡುತ್ತೇನೆನ್ನುವವರ ಕೈಗೆ ಕೊಟ್ಟರೆ ಐನೂರು ಕಿಲೋಮೀಟರಿಗೆ ಹೊಸ ಬೇರಿಂಗು ಹಾಡಲು ಶುರುಮಾಡುತ್ತದೆ. ನನ್ನದು ಹಾಡಿತ್ತು.

ಕೊಳ್ಳುವಾಗ ಹೊಗೆ ನೋಡಿ. ಎರಡು ಸ್ಟ್ರೋಕ್ ಗಾಡಿ ಹೊಗೆ ಬಿಡುವುದು ಸಹಜ. ಆದರೆ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಎಣ್ಣೆಯ ಮಟ್ಟವೂ ಇಳಿಯುತ್ತಿದ್ದರೆ, ಕ್ರ್ಯಾಂಕಿನ ಸೀಲ್ ಹೋಗಿದೆ ಎಂದರ್ಥ. ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಂಜಿನ್ ಕುಡಿಯುತ್ತಿದೆ. ಸೀಲಿನ ಬೆಲೆ ಕಡಿಮೆ, ಅದಕ್ಕಾಗಿ ಎಂಜಿನ್ ಬಿಚ್ಚುವ ಕೂಲಿ ಹೆಚ್ಚು.

ಇಗ್ನಿಷನ್ ಪಾಯಿಂಟಿನ, ಅಂದರೆ ತೆರೆದು ಮುಚ್ಚುತ್ತ ಪ್ಲಗ್ಗಿನ ಕಿಡಿಗೆ ಹೊತ್ತು ಹೇಳುವ ಪುಟ್ಟ ಸ್ವಿಚ್ಚಿನ, ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಹವೆಯಲ್ಲಿ ನೂರಕ್ಕೆ ತೊಂಬತ್ತು ಸಲ ಗಾಡಿ ಕೈ ಕೊಡುವುದು ಅಲ್ಲಿಯೇ. ಒಂದು ಅಕ್ಟೋಬರಿನಲ್ಲಿ ಕುಮಟೆಯಿಂದ ದೇವಿಮನೆ ಘಟ್ಟ ಹತ್ತುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನನ್ನ ಮೇಸ್ತ್ರಿ. ದೇವಸ್ಥಾನ ದಾಟಿದ ಮೇಲೆ ಮಂಜು ಇಳಿಯಿತು, ಗಾಡಿ ನಾಲ್ಕು ಸಲ ಕೆಮ್ಮಿ ನಿಂತಿತು. ನಾನು ಪ್ಲಗ್ ಬಿಚ್ಚಲು ಹೊರಟೆ. ಮೇಸ್ತ್ರಿ ನನ್ನ ಕೈ ತಳ್ಳಿ ಬಲಗಡೆಯ ಮುಚ್ಚಳ ತೆಗೆದರು. ಪಾಯಿಂಟಿನ ಎರಡೂ ತುದಿಗಳು ಮಸಿಯಂತೆ ಕಪ್ಪಾಗಿ ಬೆವೆತಿದ್ದವು. ಅವರು ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರುವ ಪಟ್ಟಿಯನ್ನು ಹರಿದು, ಮಡಚಿ, ಸಂದಿನಲ್ಲಿ ತೂರಿಸಿ ಎರಡು ಸಲ ಎಳೆದರು. ಆಮೇಲೆ ಪಂಚೆಯ ಒಣ ತುದಿಯಿಂದ ಒರೆಸಿದರು. ಸಂದು 0.4 ಮಿಲಿಮೀಟರ್ ಇರಬೇಕು; ಅದನ್ನು ಅಳೆಯುವ ಫೀಲರ್ ಗೇಜ್ ಮನೆಯಲ್ಲಿತ್ತು. “ಚೀಲದಲ್ಲಿ ಮದುವೆ ಕಾಗದ ಇದೆಯಲ್ಲ, ಕೊಡಿ” ಎಂದು ಕೇಳಿ, ಕರೆಯೋಲೆಯ ಮೂಲೆಯನ್ನು ಹರಿದು ಸಂದಿನಲ್ಲಿಟ್ಟು ಸ್ಕ್ರೂ ಬಿಗಿದರು. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಆ ಮದುವೆಗೆ ಹೋದಾಗ ಕರೆಯೋಲೆ ಹರಿದದ್ದರ ಕಾರಣ ಹೇಳಿದರೆ ಯಾರೂ ನಂಬಲಿಲ್ಲ.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಕಿಡಿವ್ಯವಸ್ಥೆಯಾದ ಸಿಡಿಐ ಕೂಡಿಸುವ ಕಿಟ್‌ಗಳು ಈಗ ಸಿಗುತ್ತವೆ. ಶುದ್ಧಾಚಾರದವರು ಮೂಗು ಮುರಿಯುತ್ತಾರೆ. ಘಟ್ಟದ ಕೆಳಗಿನವರು ಧೈರ್ಯವಾಗಿ ಹಾಕಿಸಿ, ಹಳೆಯ ಪ್ಲೇಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಮುಂದೆ ಮಾರುವಾಗ ಅದಕ್ಕೂ ಬೆಲೆ ಇದೆ.

ಇಳಿಜಾರಿನಲ್ಲಿ ಇನ್ನೊಂದು ಎಚ್ಚರ ಬೇಕು. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೆ ಬೆರೆತು; ಲೀಟರಿಗೆ 40 ಮಿಲಿಲೀಟರ್ ಟೂ-ಟಿ ಎಣ್ಣೆ ನನ್ನ ಅಳತೆ. ಗೇರುಸೊಪ್ಪೆಯಲ್ಲೋ ದೇವಿಮನೆಯಲ್ಲೋ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೆ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲು ಹೋಗುವುದಿಲ್ಲ, ಅದರೊಡನೆ ಎಣ್ಣೆಯೂ ಹೋಗುವುದಿಲ್ಲ. ಪಿಸ್ಟನ್ ಕಚ್ಚಿಕೊಳ್ಳುವುದು ಹೀಗೆ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬಿಡುತ್ತಿರಬೇಕು. ಕೈ ಸದಾ ಕ್ಲಚ್ಚಿನ ಮೇಲಿರಲಿ. ಎಂಜಿನ್ನಿನ ತಡೆ ಕಡಿಮೆಯಾದ್ದರಿಂದ ಬ್ರೇಕ್ ಲೈನರ್ ಒಳ್ಳೆಯದಿರಲಿ.

ಬುಲೆಟ್

1950ರ ದಶಕದ ಮೊದಲರ್ಧದಲ್ಲಿ ಭಾರತೀಯ ಸೇನೆ ಗಡಿ ಕಾವಲಿಗೆಂದು ಇಂಗ್ಲೆಂಡಿನಿಂದ 350 ಸಿಸಿ ಬುಲೆಟ್ ತರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಇಲ್ಲಿ ನಾನು ಬುಲೆಟ್ ಎನ್ನುವುದು ಎರಕದ ಕಬ್ಬಿಣದ ಸಿಲಿಂಡರಿನ, ಗೇರ್‌ಬಾಕ್ಸ್ ಬೇರೆಯೇ ಇರುವ ಹಳೆಯದನ್ನು. ಅದರ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಮೊದಲನೆಯ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಮನೆಯಲ್ಲಿ ಈಗಿನ ಕಾಲದ ಬೈಕೂ ಇದ್ದು ದಿನಾ ಅದನ್ನೇ ಓಡಿಸುವವರಾದರೆ ಈ ಒಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಕಾಲು ಹಳೆಯ ಅಭ್ಯಾಸದ ಕಡೆಗೇ ಹೋಗುತ್ತದೆ. ಬ್ರೇಕೆಂದು ತುಳಿದರೆ ಗೇರು ಬೀಳುತ್ತದೆ.

ಯೆಜ್ಡಿಯ ಎದುರು ಬುಲೆಟ್ಟಿನ ಬಲವೆಂದರೆ ಬಿಡಿಭಾಗ. ದಶಕಗಟ್ಟಲೆ ದೊಡ್ಡ ಬದಲಾವಣೆಯಿಲ್ಲದೆ ಬಂದ ಎಂಜಿನ್ನಾದ್ದರಿಂದ ಶಿರಸಿಯಂಥ ಊರಿನಲ್ಲೂ ಸಣ್ಣಪುಟ್ಟದ್ದು ಸಿಗುತ್ತದೆ, ಹುಬ್ಬಳ್ಳಿಯಲ್ಲಿ ಹೆಚ್ಚಿನದು ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಇಡೀ ಗಾಡಿಯನ್ನೇ ತುಂಡು ತುಂಡಾಗಿ ಕೊಂಡು ತರಬಹುದು. ಇನ್ನೊಂದು ಬಲ, ಘಟ್ಟ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಎಣ್ಣೆ ತನ್ನ ದಾರಿಯಲ್ಲಿ ತಾನು ಸುತ್ತುತ್ತಿರುವುದರಿಂದ ಕಚ್ಚಿಕೊಳ್ಳುವ ಭಯವಿಲ್ಲ.

ಟ್ಯಾಪೆಟ್ ಹೊಂದಿಸುವುದು ಎಷ್ಟು ಸುಲಭವೆಂದರೆ, ಅದನ್ನು ಗ್ಯಾರೇಜಿಗೆ ಕೊಡುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಪಕ್ಕದ ಮುಚ್ಚಳ ತೆಗೆಯಿರಿ. ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ವಾಲ್ವ್ ಎತ್ತುವ ಕಡ್ಡಿಯಾದ ಪುಶ್‌ರಾಡನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ. ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಅಳತೆ ಕಡ್ಡಿಯೂ ಬೇಡ. ಬೆರಳಿಗೆ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ.

ತೊಂದರೆಗಳೂ ಇವೆ. ಎಣ್ಣೆ ಸೋರುತ್ತದೆ, ನಿಂತ ಜಾಗದಲ್ಲಿ ರಂಗೋಲಿ ಹಾಕದ ಹಳೆಯ ಬುಲೆಟ್ಟನ್ನು ಕಂಡರೆ ಒಳಗೆ ಎಣ್ಣೆ ಇದೆಯೇ ಎಂದು ನೋಡಬೇಕು. ತೂಕ 160 ಕಿಲೋಗೂ ಮೇಲೆ. ಮುಂದಿನ ಡ್ರಮ್ ಬ್ರೇಕು ಆ ತೂಕಕ್ಕೆ ಸಾಲದು. ನಮ್ಮ ಮಳೆಗಾಲಕ್ಕೇ ಮೀಸಲಾದ ರೋಗ ಇನ್ನೊಂದಿದೆ. ದಿನವೂ ಎರಡು ಕಿಲೋಮೀಟರ್ ದೂರದ ಪೇಟೆಗೆ ಹೋಗಿ ಬಂದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗೆ ಕೂತ ನೀರಾವಿ ಎಣ್ಣೆಗೆ ಬೆರೆತು ಕಡೆದ ಮಜ್ಜಿಗೆಯಂತೆ ಬಿಳಿಯಾಗುತ್ತದೆ. ಎಂಜಿನ್ನಿನ ಆವಿ ಹೊರಹೋಗುವ ಬ್ರೀದರ್ ಕೊಳವೆಯ ತುದಿಯಲ್ಲಿ ಕೆನೆಯಂಥದ್ದು ಕಂಡರೆ ಎಣ್ಣೆ ಬದಲಿಸಿ, ಒಂದು ದಿನ ಗಾಡಿಯನ್ನು ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ.

ಆರ್‌ಎಕ್ಸ್100, ಮತ್ತು ಉಳಿದವು

ಎಸ್ಕಾರ್ಟ್ಸ್ ಕಂಪನಿ 1985ರಲ್ಲಿ ತಂದು 1996ರವರೆಗೆ ಕಟ್ಟಿದ ಯಮಹಾ ಆರ್‌ಎಕ್ಸ್100 ಮೂರರಲ್ಲಿ ತೀರ ಹಗುರ. ತೂಕ ನೂರು ಕಿಲೋ ಆಸುಪಾಸು, ಶಕ್ತಿ 11 ಅಶ್ವಶಕ್ತಿ. ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ಬೈಕು ದಾಟಿಸಿದವರಿಗೆ ಈ ತೂಕದ ಅರ್ಥ ಹೇಳಬೇಕಾಗಿಲ್ಲ: ಇಬ್ಬರು ಹಿಡಿದರೆ ಆರ್‌ಎಕ್ಸ್ ಹತ್ತುತ್ತದೆ, ಬುಲೆಟ್ಟಿಗೆ ದೋಣಿಯವನ ಮುಖ ಗಂಟಿಕ್ಕುತ್ತದೆ. ಪಾಯಿಂಟಿನ ಗೋಜಿಲ್ಲ. ಎಳೆದರೆ ಏಳುವ ಗುಣಕ್ಕೆ ಇಂದಿಗೂ ಸಾಟಿಯಿಲ್ಲ.

ಹಾಗಿದ್ದೂ ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ಕಾರಣ ಗಾಡಿಯಲ್ಲಿಲ್ಲ, ಮಾರುಕಟ್ಟೆಯಲ್ಲಿದೆ. ಒಳ್ಳೆಯ ಆರ್‌ಎಕ್ಸ್100 ಎಂದರೆ ಈಗ ಲಕ್ಷದ ಮೇಲಿನ ಮಾತು. ಬೆಲೆ ಏರಿದಂತೆ ಆರ್‌ಎಕ್ಸ್135ಕ್ಕೆ ನೂರರ ಸ್ಟಿಕ್ಕರ್ ಅಂಟಿಸುವವರು, ನಾಲ್ಕು ಗಾಡಿಗಳ ಅವಶೇಷ ಕೂಡಿಸಿ ಒಂದು ಮಾಡುವವರು ಹೆಚ್ಚಿದ್ದಾರೆ. ಸಿಕ್ಕ ಗಾಡಿಗಳಲ್ಲಿ ಬಹಳಷ್ಟರ ಪೋರ್ಟುಗಳನ್ನು, ಅಂದರೆ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು, ಯಾರೋ ಹುಡುಗರು ವೇಗದ ಆಸೆಗೆ ಕೆರೆದಿರುತ್ತಾರೆ. ಸಿಲಿಂಡರ್ ಬಿಚ್ಚದೆ ಅದು ಗೊತ್ತಾಗುವುದಿಲ್ಲ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಅಂಕಿಗಳ ಸಾಲು ನೇರವಾಗಿದೆಯೇ, ಅರದಿಂದ ಉಜ್ಜಿದ ಗುರುತಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ಕದ್ದ ಮಾಲು ಕೈಗೆ ಬಂದರೆ ಹವ್ಯಾಸ ಠಾಣೆಯಲ್ಲಿ ಮುಗಿಯುತ್ತದೆ.

ರಾಜದೂತ್ 175 ಪೋಲಿಷ್ ಮೂಲದ ಸಾಧು ಪ್ರಾಣಿ. ಮೂರು ಗೇರು, ಹಾಲಿನ ಕ್ಯಾನು ಹೊರಲೆಂದೇ ಹುಟ್ಟಿದ ಮೈಕಟ್ಟು. ಅಗ್ಗಕ್ಕೆ ಸಿಗುತ್ತದೆ. ಸಿದ್ದಾಪುರ, ಮುಂಡಗೋಡಿನ ಒಳದಾರಿಗಳಲ್ಲಿ ಚೆನ್ನ. ನಾಲ್ಕು ಪಥವಾದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗೋವಾ ಕಾರುಗಳ ನಡುವೆ ಅದನ್ನು ಓಡಿಸುವುದು ನನ್ನ ಎದೆಗೆ ಒಗ್ಗದ ಕೆಲಸ.

1980ರ ದಶಕದಲ್ಲಿ ಬಂದ ರಾಜದೂತ್ 350ರ ಬಗ್ಗೆ ಒಂದೇ ಮಾತು. ಎರಡು ಸಿಲಿಂಡರು, ಆರು ಗೇರು, ಮೂವತ್ತರ ಹತ್ತಿರದ ಅಶ್ವಶಕ್ತಿ, ಅದನ್ನು ನಿಲ್ಲಿಸಲು ಡ್ರಮ್ ಬ್ರೇಕು. ಯೆಜ್ಡಿಯನ್ನು ಐದು ವರ್ಷ ಸಾಕಿದ ಮೇಲೆ ಯೋಚಿಸಿ.

ಎಲ್ಲಿಂದ ತರುವುದು, ಕಾಗದ ಏನಾಗುತ್ತದೆ

ಘಟ್ಟದ ಮೇಲಿನ ಗಾಡಿಯನ್ನೇ ಹುಡುಕಿ, ನೀವು ಘಟ್ಟದ ಕೆಳಗಿದ್ದರೂ. ಕೋಡಿಬಾಗದ ಪಾಠ ಇಷ್ಟೇ. ಇಲಿ ತಿಂದ ವೈರಿಂಗನ್ನು ಎರಡು ದಿನದಲ್ಲಿ ಹೊಸದು ಮಾಡಬಹುದು. ಉಪ್ಪು ತಿಂದ ಚಾಸಿಯನ್ನು ವೆಲ್ಡಿಂಗ್ ಮಾಡುತ್ತಾ ಹೋದರೆ ಕೊನೆಗೆ ವೆಲ್ಡಿಂಗ್ ಮಾತ್ರ ಉಳಿಯುತ್ತದೆ. ಒಂದು ಅಪವಾದ: ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿ ಬೇಡ. ಗಂಜಳದಿಂದ ಏಳುವ ಅಮೋನಿಯಾ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ. ವೈರಿನ ತುದಿಗಳು, ಕಾರ್ಬೊರೇಟರಿನ ಜೆಟ್ಟುಗಳು ಹಸಿರು ಕಟ್ಟಿರುತ್ತವೆ.

ಕಾರವಾರದವರಿಗೆ ಗೋವಾ ಗಾಡಿಗಳ ಆಸೆ ಹೆಚ್ಚು. ತರಬಹುದು, ಆದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು. ಜಿಲ್ಲೆಯೊಳಗಿನ ಗಾಡಿಯಾದರೆ, ಅದು ಕಾರವಾರದ ಕೆಎ–30 ಇರಲಿ, ಶಿರಸಿಯ 31, ಹೊನ್ನಾವರದ 47, ದಾಂಡೇಲಿಯ 65 ಇರಲಿ, ಅಷ್ಟು ಅಲೆದಾಟವಿಲ್ಲ. ಕೆಎ ಅಕ್ಷರಗಳು ಬರುವ ಮೊದಲಿನ ಹಳೆಯ ನಂಬರಿನ ಗಾಡಿಯಾದರೆ, ಅದರ ದಾಖಲೆ ಸಾರಿಗೆ ಕಚೇರಿಯ ಕಂಪ್ಯೂಟರಿಗೆ ಏರಿದೆಯೇ ಎಂದು ಮುಂಗಡ ಕೊಡುವ ಮೊದಲು ನೋಡಿ. ಪುಸ್ತಕ ರೂಪದ ಹಳೆಯ ಆರ್‌ಸಿ ಕೈಯಲ್ಲಿದ್ದು, ಕಂಪ್ಯೂಟರಿನಲ್ಲಿ ಗಾಡಿಯೇ ಇಲ್ಲದಿದ್ದರೆ ಹೆಸರು ಬದಲಾವಣೆ ಮುಂದಕ್ಕೆ ಸಾಗುವುದಿಲ್ಲ.

ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2,000 ರೂಪಾಯಿ ಮಾಡಿತು. ಇದರ ಪಕ್ಕದಲ್ಲಿ ಇನ್ನೊಂದು ದಾರಿ ಇದೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಪಡೆಯಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಕೇಳಲು ಗೌರವದ ಮಾತು. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥವಕ್ಕಷ್ಟೇ ರಸ್ತೆಗೆ ಇಳಿಸಬಹುದು. ಭಾನುವಾರ ಬೆಳಿಗ್ಗೆ ಯಾಣಕ್ಕೋ ಬನವಾಸಿಗೋ ಹೋಗಿ ಬರುವ ಆಸೆಯವರು ಮಾಮೂಲು ನವೀಕರಣವನ್ನೇ ಮಾಡಿಸಿಕೊಳ್ಳಿ. ಆರ್‌ಎಕ್ಸ್100ಕ್ಕೆ ಹೇಗೂ ಇನ್ನೂ ಐವತ್ತು ತುಂಬಿಲ್ಲ.

ಹೊಳೆಯುವಂತೆ ಮಾಡುವುದೋ, ಓಡುವಂತೆ ಮಾಡುವುದೋ

ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿಸುವುದು ಒಂದು ಬಗೆ, ಎಂಜಿನ್, ಬ್ರೇಕ್, ಟೈರು, ವೈರಿಂಗ್ ಸರಿಪಡಿಸಿ ಮೈಯನ್ನು ಇದ್ದಂತೆಯೇ ಬಿಡುವುದು ಇನ್ನೊಂದು. ಕರಾವಳಿಯವರಿಗೆ ಎರಡನೆಯದೇ ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ರೋಡ್‌ಕಿಂಗಿನ ಸೈಲೆನ್ಸರ್, ರಿಮ್‌ಗಳನ್ನು ದೂರದ ನಗರದ ಒಂದು ಅಂಗಡಿಗೆ ಕ್ರೋಮ್ ಮಾಡಿಸಲು ಕೊಟ್ಟಿದ್ದೆ. ಎಂಟು ತಿಂಗಳ ಮೇಲೆ ಬಂದವು, ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದು ಮಳೆಗಾಲ ಕಳೆದು ನೋಡಿದರೆ ಅಮ್ಮ ಬಂದವರ ಮೈಯಂತೆ ಚುಕ್ಕೆ ಎದ್ದು, ಉಗುರಿನಿಂದ ಕೆರೆದರೆ ಪದರವೇ ಕಳಚಿತು. ಕೆಳಗೆ ತಾಮ್ರ, ನಿಕಲ್ ಪದರಗಳನ್ನು ಸರಿಯಾಗಿ ಹಾಕದೆ ಮೇಲೆ ಕ್ರೋಮ್ ತೋರಿಸಿದ ಕೆಲಸ ಅದು. ಪೌಡರ್ ಕೋಟಿಂಗಿನ ಕಥೆಯೂ ಹಾಗೆಯೇ. ಕಲ್ಲು ಸಿಡಿದು ಒಂದು ಕಡೆ ಬಿರುಕು ಬಿಟ್ಟರೆ ಉಪ್ಪುನೀರು ಪದರದ ಅಡಿಗೆ ನುಗ್ಗುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ಸಾಮಾನ್ಯ ಬಣ್ಣವಾದರೆ ತುಕ್ಕು ಅಲ್ಲೇ ಕಾಣುತ್ತದೆ, ಅಲ್ಲೇ ಉಜ್ಜಿ ಬಳಿಯಬಹುದು.

ಘಟ್ಟದ ಕೆಳಗೆ ಓಡಿಸುವವರು ಮೀನು ಲಾರಿಯ ಹಿಂದೆ ಹೋಗಬೇಡಿ. ಅದರಿಂದ ಸೋರುವ ಉಪ್ಪುನೀರು ಸ್ಪೋಕ್‌ಗಳಿಗೆ ಸಮುದ್ರಕ್ಕಿಂತ ಹತ್ತಿರದ ಶತ್ರು. ಸಿಕ್ಕಿಹಾಕಿಕೊಂಡರೆ ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ, ನಾಳೆ ಎನ್ನಬೇಡಿ.

ಟ್ಯಾಂಕಿನ ಒಳತುಕ್ಕು ತೆಗೆಯಲು ಕಟು ಆಸಿಡ್ ಬೇಡ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಲೀಟರ್ ಬಿಸಿನೀರಿಗೆ ನೂರು ಗ್ರಾಂನಂತೆ ಕರಗಿಸಿ ತುಂಬಿ, ಒಂದು ತುಂಡು ಹಳೆಯ ಸೈಕಲ್ ಚೈನ್ ಹಾಕಿ ಅಲುಗಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಹಾದ ಬಣ್ಣದ ನೀರು ಬರುತ್ತದೆ. ಚೈನ್ ಹೊರತೆಗೆದು, ಅಡುಗೆ ಸೋಡಾ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ತಡ ಮಾಡದೆ ಒಳಗೆ ಟೂ-ಟಿ ಎಣ್ಣೆ ಸುತ್ತಿಸಿ. ಅರ್ಧ ಗಂಟೆ ಹಾಗೇ ಬಿಟ್ಟರೆ ಹೊಸ ತುಕ್ಕು ಕಣ್ಣೆದುರೇ ಏಳುತ್ತದೆ. ಅಡಿಕೆ ಬೇಯಿಸಿದ ಚೊಗರನ್ನು ನನ್ನ ಪಕ್ಕದ ತೋಟದವರು ಸೆಂಟರ್ ಸ್ಟ್ಯಾಂಡಿನ ತುಕ್ಕಿಗೆ ಬಳಿದದ್ದನ್ನು ನೋಡಿ ನಗಾಡಿದ್ದೆ. ಅದು ಇದ್ದಿಲಿನಂತೆ ಕಪ್ಪಾಗಿ ಗಟ್ಟಿಯಾಗಿ ಕೂತಿತು. ಚೊಗರಿನ ಟ್ಯಾನಿನ್ ತುಕ್ಕಿನೊಡನೆ ಸೇರಿ ಕಪ್ಪು ಪದರವಾಗುತ್ತದೆ; ಅಂಗಡಿಯ ತುಕ್ಕು ನಿವಾರಕಗಳಲ್ಲೂ ಟ್ಯಾನಿನ್ ಬಳಸುವುದುಂಟು. ಮೇಲೆ ಬಣ್ಣ ಬಳಿಯಲೇಬೇಕು, ಆದರೆ ತಳಪಾಯಕ್ಕೆ ಕೆಟ್ಟದ್ದಲ್ಲ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಪೈಪನ್ನು, ಪೆಟ್ರೋಲ್ ನಲ್ಲಿಯ ಬಿರಡೆಯನ್ನು ಹಾಳುಮಾಡುತ್ತದೆ. ಗಾಡಿ ಯಾವುದೇ ಆಗಲಿ, ಇವೆರಡನ್ನೂ ಮೊದಲು ಬದಲಿಸಿ. ಮಳೆಗಾಲಕ್ಕೆ ನಿಲ್ಲಿಸುವಾಗ ಕಾರ್ಬೊರೇಟರಿನ ಬಟ್ಟಲಿನಲ್ಲಿ ಒಂದು ಹನಿ ಪೆಟ್ರೋಲನ್ನೂ ಬಿಡಬೇಡಿ. ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಕಿಕ್ಕರ್ ನಾಲ್ಕು ಸಲ ತಿರುಗಿಸಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಕುಂಬಾರ ಹುಳ ಬಾರದಿರಲಿ. ಪ್ಲಾಸ್ಟಿಕ್ ತಾಡಪಾಲು ಹೊದಿಸಿದರೆ ಒಳಗೆ ಬೆವರುತ್ತದೆ, ಹಳೆಯ ಹತ್ತಿ ಪಂಚೆ ಸಾಕು. ಜಂಬಿಟ್ಟಿಗೆ ನೆಲ ತೇವ ಕಾರುತ್ತದೆ. ಚಕ್ರಗಳ ಕೆಳಗೆ ಹಲಗೆ ಹಾಕಿ.

ತಂಗಿಯ ಮಗ ಕೊನೆಗೆ ಕೊಂಡದ್ದು ಸಿದ್ದಾಪುರದ ಕಡೆಯ ಒಂದು ಬುಲೆಟ್ಟನ್ನು. ಅವನಿಗೆ ಬಿಚ್ಚಿ ಕಲಿಯುವ ತಾಳ್ಮೆಯಿಲ್ಲ, ಅಂಕೋಲೆಯಲ್ಲಿ ಯೆಜ್ಡಿ ಬಲ್ಲ ಮೇಸ್ತ್ರಿ ಅವನಿಗೆ ಸಿಗಲಿಲ್ಲ, ವಾರಕ್ಕೊಮ್ಮೆ ಘಟ್ಟ ಹತ್ತಿ ಇಳಿಯುವ ಆಸೆ ಇದೆ. ಹೀಗೆ ಲೆಕ್ಕ ಹಾಕಿದರೆ ಯೆಜ್ಡಿ ತಾನಾಗಿ ಬಿದ್ದುಹೋಯಿತು, ನನಗೆ ಒಳಗೊಳಗೇ ಬೇಸರವಾದರೂ. ಬಾಡಿಗೆ ಮನೆಯಲ್ಲಿ ಜಾಗವಿಲ್ಲದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಶಿರಸಿಯಲ್ಲಿ ನನ್ನ ರೋಡ್‌ಕಿಂಗಿನ ಪಕ್ಕದಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ಫೋನು ಮಾಡಿ, “ಮಾವ, ಐದು ನಿಮಿಷ ಸ್ಟಾರ್ಟ್ ಮಾಡಿ ಇಡಿ” ಎನ್ನುತ್ತಾನೆ. ಹೂಂ ಎನ್ನುತ್ತೇನೆ. ಮಾಡುವುದಿಲ್ಲ. ಐದು ನಿಮಿಷ ಓಡಿಸಿದರೆ ಎಣ್ಣೆ ಮಜ್ಜಿಗೆಯಾಗುತ್ತದೆ ಅಷ್ಟೆ. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಒತ್ತಿ, ಕಿಕ್ಕರನ್ನು ಕೈಯಿಂದಲೇ ನಾಲ್ಕು ಸಲ ಮೆಲ್ಲಗೆ ತಿರುಗಿಸಿ, ಕೆಳಗಿಟ್ಟ ಹಳೆಯ ತಟ್ಟೆಯಲ್ಲಿ ಈ ವಾರ ಎಷ್ಟು ಎಣ್ಣೆ ಬಿದ್ದಿದೆ ನೋಡಿ, ದೀಪ ಆರಿಸಿ ಬರುತ್ತೇನೆ.